ಆರರಲ್ಲಿ ನಾಲ್ಕು

ರಾತ್ರಿ ಹನ್ನೊಂದೂಕಾಲಿಗೆ ಇಂತ್ರುವಿನ ಫೋನು.
ಬೈಕಂಪಾಡಿಯ ಶೆಡ್ಡಿನಲ್ಲಿ ನಾನು ಬನಿಯನ್ನಿನಲ್ಲಿದ್ದೆ,
ಫ್ಯಾನಿನ ಗಾಳಿಗೂ ಬೆವರು ಆರದ ಡಿಸೆಂಬರು.
"ಇದಿನಬ್ಬಾಕ, ನಡುಗುತ್ತಾ ಉಂಟು."
ಗಾಡಿಯೋ ನೀನೋ ಎಂದೆ.
ನಗಲಿಲ್ಲ. ಹಲ್ಲು ಕಟಕಟಿಸಿದ್ದು ಕೇಳಿಸಿತು.

ದ್ರಾಸ್ ಅಂತೆ ಊರ ಹೆಸರು.
ಮಂಜೇಶ್ವರ, ಮೂಡುಬಿದಿರೆಯ ಹಾಗೆ
ಬಾಯಲ್ಲಿ ಸ್ವಲ್ಪ ಹೊತ್ತು ಕೂರುವುದಿಲ್ಲ,
ಉಗುಳಿದ ಹಾಗೆ ಮುಗಿಯುತ್ತದೆ.
ಗೋಡಂಬಿ ಹೇರಿಕೊಂಡು ಹೋದವನು,
ಅಲ್ಲೀಗ ಸೊನ್ನೆಗಿಂತ ಕೆಳಗೆ ಇಪ್ಪತ್ತೆರಡು.
ಸೊನ್ನೆಗಿಂತ ಕೆಳಗೆ ಎಂಬುದನ್ನು
ನಾನು ಬ್ಯಾಂಕಿನ ಲೆಕ್ಕದಲ್ಲಿ ಮಾತ್ರ ಕಂಡವ.

"ಫೋನು ಎಂಜಿನ್ನಿನ ಹತ್ತಿರ ಹಿಡಿ."
ಹಿಡಿದ.

ನಲವತ್ತು ವರ್ಷದ ಕಿವಿ ನನ್ನದು,
ಎಡದ್ದು ಹೋಗಿದೆ, ಬಲದ್ದು ಉಂಟು.
ಡುಗು ಡುಗು ಡುಗು, ಡುಗ್, ಡುಗು
ಕತ್ತಲಲ್ಲಿ ಇಳಿಯುವಾಗ
ಒಂದು ಮೆಟ್ಟಿಲು ಇಲ್ಲವೆಂದು
ಕಾಲಿಗೆ ಮೊದಲು ಗೊತ್ತಾಗುತ್ತದಲ್ಲ,
ಹಾಗೆ ನಡುವೆ ಒಂದು ಖಾಲಿ.
ಮತ್ತೊಂದು ಖಾಲಿ.
ಆರರಲ್ಲಿ ನಾಲ್ಕು ಮಾತಾಡುತ್ತಿವೆ.
ಎರಡು, ಡೀಸೆಲ್ ನುಂಗಿ, ಬೆಂಕಿ ಕೊಡದೆ ಕೂತಿವೆ.
"ಹೊಗೆ ಬಿಳಿಯಾ?"
"ಬಿಳಿ."
"ಕಣ್ಣು ಉರಿಯುತ್ತದಾ?"
"ಕಣ್ಣು ಎಲ್ಲುಂಟು ಅಂತಲೇ ಗೊತ್ತಾಗುವುದಿಲ್ಲ ಮಾರಾಯ್ರೆ."

ಎಂತ ಹೇಳಲಿ?
ನನಗೆ ಗುರ್ತ ಇರುವ ಚಳಿ ಎರಡೇ.
ಒಂದು, ಐಸಮ್ಮಳ ತೆಂಗಿನೆಣ್ಣೆ ಬಾಟಲಿ:
ವರ್ಷಕ್ಕೆ ನಾಲ್ಕೈದು ಬೆಳಿಗ್ಗೆ ಬೆಳ್ಳಗೆ ಕಟ್ಟಿಕೊಂಡು
ಮಗುಚಿದರೂ ಬೀಳದೆ ಹಠ ಹಿಡಿಯುತ್ತದೆ.
ಅವಳು ಅದನ್ನು ಅಂಗಳದ ಬಿಸಿಲಿಗಿಟ್ಟು
ಬೇರೆ ಕೆಲಸ ನೋಡಿಕೊಳ್ಳುತ್ತಾಳೆ.
ಇನ್ನೊಂದು, ದಕ್ಕೆಯ ಐಸ್ ಪ್ಲಾಂಟು.
ಹದಿಮೂರರಲ್ಲಿ ಅಲ್ಲಿ ಗಡ್ಡೆ ಹೊತ್ತವ ನಾನು.
ಗೋಣಿ ಮರೆತ ಒಂದು ದಿನ
ಹೆಗಲ ಚರ್ಮ ಐಸಿಗೇ ಅಂಟಿ ಹೋಯಿತು.
ಬುಟ್ಟಿಯ ಬಂಗುಡೆಗಳು ನೋಡುತ್ತಿದ್ದವು,
ಒಂದೂ ಅಯ್ಯೋ ಅನ್ನಲಿಲ್ಲ.

ಅಷ್ಟೇ ಬಂಡವಾಳದಲ್ಲಿ ಹೇಳಿದೆ:
"ಏನೇ ಆಗಲಿ, ಆಫ್ ಮಾಡಬೇಡ.
ಪೆಡಲಿನ ಮೇಲೆ ಕಲ್ಲಿಡು,
ಮುಳ್ಳು ಸಾವಿರದ ಮೇಲೆ ನಿಲ್ಲಲಿ.
ರೇಡಿಯೇಟರಿಗೆ ಗೋಡಂಬಿಯ ರಟ್ಟು ಕಟ್ಟು.
ಕಂಬಳಿ ಕೊಡಬೇಡ, ಅದು ನಿನಗೆ.
ಫಿಲ್ಟರಿಗೆ ಬಿಸಿನೀರಿನ ಬಟ್ಟೆ ಸುತ್ತು.
ಒಳಗಿರುವುದು ಈಗ ಡೀಸೆಲ್ ಅಲ್ಲ, ಮೇಣ.
ಕಿಟಕಿ ಎರಡು ಬೆರಳು ತೆರೆದಿಡು,
ಹೊಗೆ ಕಳ್ಳ, ನಿದ್ದೆ ಬಂದವರನ್ನೇ ನೋಡುತ್ತದೆ."

"ಇಲ್ಲಿಯವರು ಟ್ಯಾಂಕಿನ ಕೆಳಗೆ ಸ್ಟವ್ ಹಚ್ಚುತ್ತಾರೆ."
ಶೆಡ್ಡಿನ ಸೆಕೆಯಲ್ಲಿ ನನಗೆ ಮೈ ತಣ್ಣಗಾಯಿತು.
"ಅವರಿಗೆ ಆ ಬೆಂಕಿಯ ಗುರ್ತ ಉಂಟು.
ನಿನಗಿಲ್ಲ. ಬೇಡ."

ಆಮೇಲೆ ಮಾತಿಲ್ಲ.
ಎಂಜಿನ್ನಿನ ಮುಚ್ಚಳದ ಮೇಲೆ ಫೋನಿಟ್ಟು
ಅವನು ಅದಕ್ಕೇ ಒರಗಿ ಕೂತಿರಬೇಕು.
ಕೂಳೂರು ಸೇತುವೆ ದಾಟಿ ಬಂದ ಟ್ಯಾಂಕರುಗಳು
ಉಂಡು ಮಲಗಿದವರ ಉಸಿರಿನಲ್ಲಿ ಹೋಗುತ್ತಿದ್ದವು.
ಅವುಗಳ ಮೇಲೆ ಸುಮ್ಮನೆ ಸಿಟ್ಟು ಬಂತು.

ಹನ್ನೆರಡೂ ಹತ್ತಕ್ಕೆ ಐದನೆಯದು ಬಂತು.
ಕೆಮ್ಮಿತು, ಎರಡು ಸಲ ಸುಳ್ಳು ಹೇಳಿತು,
ಮತ್ತೆ, ನಮಾಜಿಗೆ ತಡವಾಗಿ ಬಂದವನು
ಸಾಲಿನ ತುದಿಯಲ್ಲಿ ಭುಜ ತಾಗಿಸಿ ನಿಲ್ಲುವಂತೆ
ಸದ್ದಿಲ್ಲದೆ ಸೇರಿಕೊಂಡಿತು.
ಆರನೆಯದಕ್ಕೆ ಕಾದೆ.
ಲೈನು ಸತ್ತಿತು.
ಎಂಜಿನ್ನಿನ ಸದ್ದೋ, ಫೋನಿನ ಬ್ಯಾಟರಿಯೋ,
ಎರಡೂ ಹೋಗುವುದು ಒಂದೇ ಥರ.

ಮನೆಗೆ ಹೋಗಲಿಲ್ಲ.
ಟಯರಿನ ಮೇಲೆ ಕೂತು
ಅವನ ನಂಬರಿಗೆ ಹದಿನೇಳು ಸಲ ಕರೆದೆ,
ಹೆಂಗಸಿನ ಸ್ವರವೊಂದು ಹಿಂದಿಯಲ್ಲಿ
ಹದಿನೇಳು ಸಲ ಅದನ್ನೇ ಹೇಳಿತು.

ಬೆಳಿಗ್ಗೆ ಏಳಕ್ಕೆ ಒಂದು ವಾಯ್ಸ್ ಮೆಸೇಜು.
ನಲವತ್ತು ಸೆಕೆಂಡು. ಮಾತು ಒಂದೂ ಇಲ್ಲ.
ಮನೆಯಲ್ಲಿ ಐಸಮ್ಮ ಚಹಾ ಸೋಸುತ್ತಿದ್ದಳು.
"ಎಂತ ಅದು, ಬೋಟಾ?"
"ಇಂತ್ರು."
"ಎಂತ ಹೇಳ್ತಾನೆ?"
ಬಲಗಿವಿಗೆ ಒತ್ತಿಕೊಂಡು ಇನ್ನೊಮ್ಮೆ ಎಣಿಸಿದೆ.
"ಐದೂವರೆ."
"ಐದೂವರೆ ಸಾಕಾ ಅಲ್ಲಿಂದ ಬರಲಿಕ್ಕೆ?"

ಇಳಿಜಾರು ಉಂಟು, ಎಂದೆ.